ಗಣರಾಜ್ಯ ಕುಸಿದ ಹಾದಿಯಲ್ಲಿ: ರೋಮ್ ಫೋರಂನಲ್ಲೊಂದು ನಡಿಗೆ

ರೋಮಿನ ಕ್ಯಾಪಿಟೊಲಿನ್ ಗುಡ್ಡದ ನೆತ್ತಿಯ ಮೇಲೆ ಮೈಕೆಲೇಂಜೆಲೊ ವಿನ್ಯಾಸ ಮಾಡಿದ ಚೌಕವಿದೆ. ಚೌಕದ ತುದಿಗೆ ನಗರಸಭೆಯ ಅರಮನೆ. ರೋಮಿನ ಮೇಯರ್ ಕಚೇರಿ ಇವತ್ತಿಗೂ ಅಲ್ಲೇ. ಅದರ ಪಕ್ಕದ ಇಳಿಜಾರಿನಲ್ಲಿ ಸ್ವಲ್ಪ ಇಳಿದು, ಕಂಬಿ ಹಿಡಿದು ನಿಂತರೆ ಹಳೆಯ ರೋಮಿನ ಸಾರ್ವಜನಿಕ ಬಯಲಾದ ಇಡೀ ಫೋರಂ ಕಣ್ಣೆದುರು ಹರಡಿಕೊಳ್ಳುತ್ತದೆ. ಹತ್ತಿರದಲ್ಲೇ ಎಂಟು ಕಂಬಗಳ ಮುಖಮಂಟಪ, ಆಚೆಗೆ ಒಂಟಿಯಾಗಿ ನಿಂತ ಮೂರು ಬಿಳಿ ಕಂಬಗಳು, ಎಡಕ್ಕೆ ಅಲಂಕಾರವೇ ಇಲ್ಲದ ಎತ್ತರದ ಇಟ್ಟಿಗೆ ಕಟ್ಟಡ, ನಡುವೆ ಕರಿಗಲ್ಲು ಹಾಸಿದ ಹಳೆಯ ದಾರಿ, ತೀರಾ ಹಿಂದೆ ಕೊಲೋಸಿಯಂ. ಬಂದವರ ಕ್ಯಾಮೆರಾಗಳೆಲ್ಲ ತಿರುಗುವುದು ಕೊಲೋಸಿಯಂ ಕಡೆಗೆ. ಅದು ಚಕ್ರವರ್ತಿಗಳ ಕಾಲದ್ದು. ನಾನು ನೋಡಲು ಬಂದದ್ದು ಚಕ್ರವರ್ತಿಗಳಿಗಿಂತ ಮೊದಲು ಇಲ್ಲಿ ಬಾಳಿದ ಗಣರಾಜ್ಯವನ್ನು. ಸುಮಾರು ಐನೂರು ವರ್ಷ ಉಳಿದ ಆ ವ್ಯವಸ್ಥೆ ಸುಮಾರು ನೂರು ವರ್ಷದಲ್ಲಿ ಕುಸಿದುಬಿತ್ತು. ಕುಸಿದ ಒಂದೊಂದು ಹಂತಕ್ಕೂ ಈ ಪುಟ್ಟ ಕಣಿವೆಯಲ್ಲಿ, ಸುತ್ತಲಿನ ಬೀದಿಗಳಲ್ಲಿ ಒಂದೊಂದು ಜಾಗವಿದೆ. ನಡೆದೇ ನೋಡಬಹುದು.

ನಡೆಯುವ ಮುನ್ನ ಆ ಏರ್ಪಾಟಿನ ಪರಿಚಯ ಬೇಕು. ಸಂಪ್ರದಾಯದ ಲೆಕ್ಕದಂತೆ ಕ್ರಿ.ಪೂ. 509ರಲ್ಲಿ ರೋಮನ್ನರು ಕೊನೆಯ ರಾಜನನ್ನು ಊರಾಚೆ ಅಟ್ಟಿದರು. ಮತ್ತೆಂದೂ ಒಬ್ಬನ ಕೈಗೆ ಎಲ್ಲ ಅಧಿಕಾರ ಹೋಗಬಾರದೆಂದು ರಾಜನ ಜಾಗದಲ್ಲಿ ಇಬ್ಬರು ಕಾನ್ಸುಲ್‌ಗಳನ್ನು ಕೂರಿಸಿದರು. ಅವಧಿ ಒಂದೇ ವರ್ಷ; ಒಬ್ಬ ಮಾಡಹೊರಟದ್ದನ್ನು ಇನ್ನೊಬ್ಬ ತಡೆಯಬಹುದು. ಅನುಭವಿಗಳ ಸೆನೆಟ್ ಸಲಹೆ ಕೊಡುತ್ತಿತ್ತು, ಕಾನೂನಿಗೆ ಒಪ್ಪಿಗೆ ಕೊಡುವುದು ಜನಸಭೆಯ ಕೆಲಸ. ಸಾಮಾನ್ಯರ ಕಾವಲಿಗೆ ಹತ್ತು ಟ್ರಿಬ್ಯೂನರು. ಅವರಲ್ಲಿ ಒಬ್ಬನೇ ಎದ್ದು ವೀಟೊ ಹಾಕಿದರೂ ಕಲಾಪ ನಿಲ್ಲುತ್ತಿತ್ತು. ಅವರ ಮೈಮೇಲೆ ಕೈ ಮಾಡುವುದು ದೈವದ್ರೋಹ. ಗಂಡಾಂತರ ಬಂದಾಗ ಒಬ್ಬ ಡಿಕ್ಟೇಟರನನ್ನು ನೇಮಿಸಬಹುದಿತ್ತು, ಹೆಚ್ಚೆಂದರೆ ಆರು ತಿಂಗಳಿಗೆ. ಇದು ಎಲ್ಲರಿಗೂ ಸಮಾನ ಹಕ್ಕಿದ್ದ ಪ್ರಜಾಪ್ರಭುತ್ವವಲ್ಲ. ಸಿರಿವಂತರ ಮತಕ್ಕೆ ತೂಕ ಹೆಚ್ಚು, ಹೆಂಗಸರಿಗೆ ಮತವಿಲ್ಲ, ಗುಲಾಮರಿಗೆ ಏನೂ ಇಲ್ಲ. ಆದರೂ ಅಧಿಕಾರಕ್ಕೆ ಅಧಿಕಾರವನ್ನೇ ಎದುರು ನಿಲ್ಲಿಸುವ ಜಾಣ್ಮೆ ಅಲ್ಲಿತ್ತು. ಅದರ ಬಹುಪಾಲು ಕಟ್ಟಳೆಗಳು ಬರೆದಿಟ್ಟವಲ್ಲ, ಹಿರಿಯರು ನಡೆದುಕೊಂಡ ರೀತಿ ಎಂದು ಪಾಲಿಸಿಕೊಂಡು ಬಂದವು.

ಹ್ಯಾನಿಬಲ್‌ನಂಥ ಶತ್ರುವಿಗೂ ಈ ಗಣರಾಜ್ಯವನ್ನು ಕೆಡವಲಾಗಲಿಲ್ಲ. ‘ಇದೊಂದು ಸಲ’ ಎಂದು ಕಟ್ಟಳೆ ಮುರಿದ ರೋಮನ್ನರೇ ಕೆಡವಿದರು. ಅಂಥವರು ಎರಡೂ ಕಡೆ ಇದ್ದರು. ಈ ನಡಿಗೆಯಲ್ಲಿ ಕಾಣುವುದು ಅದೇ.

ಜೂಪಿಟರ್ ಗುಡಿಯ ಪಾಯ

ಚೌಕದ ಎರಡು ಬದಿಯಲ್ಲೂ ಕ್ಯಾಪಿಟೊಲಿನ್ ವಸ್ತುಸಂಗ್ರಹಾಲಯವಿದೆ. ಬಲಗಡೆಯ ಕಟ್ಟಡದೊಳಗೆ, ಗಾಜಿನ ಚಾವಣಿಯ ದೊಡ್ಡ ಹಜಾರದ ಪಕ್ಕದಲ್ಲಿ, ಆಳೆತ್ತರ ಮೀರಿದ ಬೂದುಕಂದು ಕಲ್ಲಿನ ಗೋಡೆಯೊಂದು ಏಳುತ್ತದೆ. ಒರಟಾಗಿ ಕಡಿದ ದಿಮ್ಮಿಗಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಇಟ್ಟಿದ್ದಾರೆ. ಇದು ರೋಮಿನ ಅತಿ ದೊಡ್ಡ ದೈವ ಜೂಪಿಟರನ ಗುಡಿಯ ಪಾಯ. ಕ್ರಿ.ಪೂ. 133ರಲ್ಲಿ ಈ ಗುಡಿಯ ಎದುರೇ ರೋಮಿನ ರಾಜಕಾರಣದಲ್ಲಿ ಮೊದಲ ದೊಡ್ಡ ರಕ್ತಪಾತ ನಡೆಯಿತು.

ಆಗ ರೋಮ್ ಮೆಡಿಟರೇನಿಯನ್ನಿನ ಒಡತಿ. 146ರಲ್ಲಿ ಕಾರ್ತೇಜ್ ಮತ್ತು ಕೊರಿಂತ್ ಎರಡನ್ನೂ ನೆಲಸಮ ಮಾಡಿಯಾಗಿತ್ತು. ಗೆದ್ದ ನಾಡುಗಳಿಂದ ಹಣವೂ ಗುಲಾಮರೂ ಹರಿದುಬಂದರು. ಆದರೆ ವರ್ಷಗಟ್ಟಲೆ ದೂರದ ಯುದ್ಧಕ್ಕೆ ಹೋಗಿ ಬಂದ ಸಣ್ಣ ರೈತನ ಹೊಲ ಬೀಳುಬಿತ್ತು. ಸರ್ಕಾರಿ ಭೂಮಿಯನ್ನು ಶ್ರೀಮಂತರು ಒತ್ತುವರಿ ಮಾಡಿ ಗುಲಾಮರಿಂದ ಉಳುಮೆ ಮಾಡಿಸುತ್ತಿದ್ದರು. ಟ್ರಿಬ್ಯೂನ್ ಆಗಿ ಬಂದ ಟೈಬೀರಿಯಸ್ ಗ್ರಾಕಸ್, ಒಬ್ಬ 500 ಯುಗೆರಾಗಿಂತ, ಅಂದರೆ ಸುಮಾರು 300 ಎಕರೆಗಿಂತ, ಹೆಚ್ಚು ಸರ್ಕಾರಿ ಭೂಮಿ ಇಟ್ಟುಕೊಳ್ಳಬಾರದೆಂಬ ಹಳೆಯ ಮಿತಿಯನ್ನು ಜಾರಿಗೆ ತಂದು, ಉಳಿದದ್ದನ್ನು ಬಡವರಿಗೆ ಹಂಚಹೊರಟ. ಅವನ ಉದ್ದೇಶ ನ್ಯಾಯವಾದದ್ದು. ಆದರೆ ಸಹೋದ್ಯೋಗಿ ಆಕ್ಟೇವಿಯಸ್ ವೀಟೊ ಹಾಕಿದಾಗ, ಜನಸಭೆಯಲ್ಲಿ ಮತ ಹಾಕಿಸಿ ಅವನನ್ನೇ ಹುದ್ದೆಯಿಂದ ಇಳಿಸಿದ. ಹಾಗೆ ಹಿಂದೆ ಯಾರೂ ಮಾಡಿರಲಿಲ್ಲ. ಮರುವರ್ಷಕ್ಕೂ ತಾನೇ ಟ್ರಿಬ್ಯೂನ್ ಆಗಲು ನಿಂತ.

ಉತ್ತರವಾಗಿ ಸೆನೆಟಿನ ಒಂದು ಗುಂಪು ಕಾನೂನನ್ನೇ ಬದಿಗಿಟ್ಟಿತು. ಪ್ರಧಾನ ಪುರೋಹಿತ ಸ್ಕಿಪಿಯೊ ನಾಸಿಕಾ ಮುಂದೆ, ಹಿಂದೆ ಸೆನೆಟರುಗಳು. ಬೆಂಚುಗಳ ಮುರಿದ ಕಾಲುಗಳೇ ಆಯುಧ. ಟೈಬೀರಿಯಸ್ ಮತ್ತು ಅವನ ಕಡೆಯ 300ಕ್ಕೂ ಹೆಚ್ಚು ಜನರನ್ನು ಬಡಿದು ಕೊಂದರೆಂದು ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆಯುತ್ತಾನೆ. ಹೆಣಗಳನ್ನು ರಾತ್ರಿ ಟೈಬರ್ ನದಿಗೆ ಎಸೆದರು. ಮುಟ್ಟಿದರೆ ದೈವದ್ರೋಹವೆಂದು ನಾಡೇ ಪ್ರಮಾಣ ಮಾಡಿದ್ದ ಹುದ್ದೆಯ ಮನುಷ್ಯನನ್ನು ಧರ್ಮಾಧಿಕಾರಿಯೇ ಮುಂದೆ ನಿಂತು ಕೊಲ್ಲಿಸಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸಾಮರಸ್ಯದ ಹೆಸರಿನ ಗುಡಿ

ಕಂಬಿಯ ಬಳಿಗೆ ಮರಳಿ ನೇರ ಕೆಳಗೆ ಬಗ್ಗಿ ನೋಡಿದರೆ ಗುಡ್ಡದ ಬುಡಕ್ಕೆ ಒತ್ತಿಕೊಂಡ ಒಂದು ಜಗಲಿಯ ಅವಶೇಷವಿದೆ. ಹೆಚ್ಚಿನ ಪ್ರವಾಸಿಗರು ಅದರತ್ತ ಕಣ್ಣು ಹಾಯಿಸುವುದೂ ಇಲ್ಲ. ಅದು ಕಾಂಕಾರ್ಡ್ ದೇವತೆಯ ಗುಡಿ, ಅಂದರೆ ಸಾಮರಸ್ಯದ ದೇವಿಯ ಮನೆ.

ಟೈಬೀರಿಯಸನ ತಮ್ಮ ಗೈಯಸ್ ಅಣ್ಣನ ಕೆಲಸ ಮುಂದುವರಿಸಿದ. ಅಗ್ಗದ ದರಕ್ಕೆ ಧಾನ್ಯ, ಹೊಸ ವಸಾಹತುಗಳು, ಜನರ ಅಪ್ಪಣೆಯಿಲ್ಲದೆ ಯಾವ ರೋಮನ್ ಪ್ರಜೆಗೂ ಮರಣದಂಡನೆ ಕೊಡಬಾರದೆಂಬ ಕಾನೂನು ಅವನವು. 121ರಲ್ಲಿ ಗಲಭೆ ಎದ್ದಾಗ ಸೆನೆಟ್ ಒಂದು ಹೊಸ ನಿರ್ಣಯ ಹೊರಡಿಸಿತು: ರಾಜ್ಯಕ್ಕೆ ಕೇಡಾಗದಂತೆ ಕಾನ್ಸುಲ್ ನೋಡಿಕೊಳ್ಳಲಿ. ಕೇಳಲು ಸಾಧುವಾದ ಮಾತು. ಕಾನೂನಿನ ಹಂಗಿಲ್ಲದೆ ಕೊಲ್ಲಬಹುದೆಂಬುದು ಅದರ ತಿರುಳು. ಕಾನ್ಸುಲ್ ಒಪಿಮಿಯಸ್ ಗೈಯಸನ ತಲೆಗೆ ಅದರ ತೂಕದ ಚಿನ್ನ ಸಾರಿದ. ಸತ್ತವರು 3,000 ಎಂದು ಪ್ಲೂಟಾರ್ಕ್ ಹೇಳುತ್ತಾನೆ. ಆಮೇಲೆ ಸೆನೆಟಿನ ಅಪ್ಪಣೆಯಂತೆ ಒಪಿಮಿಯಸನೇ ಸಾಮರಸ್ಯದ ಈ ಗುಡಿಯನ್ನು ಹೊಸದಾಗಿ ಕಟ್ಟಿಸಿದ. ಹುಚ್ಚು ಒಡಕು ಸಾಮರಸ್ಯಕ್ಕೆ ಗುಡಿ ಕಟ್ಟಿತು ಎಂಬರ್ಥದ ಸಾಲನ್ನು ಯಾರೋ ರಾತ್ರೋರಾತ್ರಿ ಅದರ ಮೇಲೆ ಕೆತ್ತಿ ಹೋದರಂತೆ.

ಅಣ್ಣನನ್ನು ಕೊಂದದ್ದು ಗುಂಪು. ತಮ್ಮನನ್ನು ಕೊಂದದ್ದು ಸರ್ಕಾರ, ಅದೂ ಕಾಗದಪತ್ರ ಸಮೇತ. ಹನ್ನೆರಡು ವರ್ಷದಲ್ಲಿ ಅಪರಾಧವೊಂದು ಆಡಳಿತದ ಕ್ರಮವಾಗಿತ್ತು.

ಮೆಟ್ಟಿಲ ಬದಿಯ ಸೆರೆಮನೆ

ಗುಡ್ಡದಿಂದ ಇಳಿಯುವ ಮೆಟ್ಟಿಲ ಬದಿಗೆ ಬಡಗಿಗಳ ಸಂತ ಜೋಸೆಫನ ಚರ್ಚು, ಅದರಡಿಯಲ್ಲಿ ಮಾಮರ್ಟೈನ್ ಸೆರೆಮನೆ. ಒಳಗೆ ಒಂದರ ಕೆಳಗೊಂದು ಎರಡು ಕೋಣೆಗಳು. ಕೆಳಗಿನದು ತಗ್ಗು ಚಾವಣಿಯ ದುಂಡು ಕೋಣೆ. ನಡುವೆ ಮನುಷ್ಯನನ್ನು ಇಳಿಬಿಡುವಷ್ಟು ಅಗಲದ ತೂತು. ಗೋಡೆಗೆ ಕೈಯಿಟ್ಟರೆ ಕಲ್ಲು ತಣ್ಣಗೆ, ತೇವವಾಗಿ ಹತ್ತುತ್ತದೆ.

63ರ ಡಿಸೆಂಬರ್ 5ರಂದು ಕಾನ್ಸುಲ್ ಸಿಸೆರೊ ಐವರನ್ನು ಇಲ್ಲಿಗೆ ಕರೆತಂದು ಕತ್ತು ಬಿಗಿಸಿ ಕೊಲ್ಲಿಸಿದ. ಅವರು ಸರ್ಕಾರ ಉರುಳಿಸಲು ಹೊರಟಿದ್ದ ಕ್ಯಾಟಿಲೈನನ ಪಿತೂರಿಯಲ್ಲಿದ್ದವರು. ಪಿತೂರಿ ನಿಜ, ಅಪಾಯವೂ ನಿಜ. ಆದರೆ ವಿಚಾರಣೆ ನಡೆಯಲಿಲ್ಲ. ಮೇಲಿನ ಕಾಂಕಾರ್ಡ್ ಗುಡಿಯಲ್ಲೇ ಸೆನೆಟ್ ಸೇರಿತ್ತು. ಯುವ ನಾಯಕ ಸೀಸರ್ ಕೊಲ್ಲುವುದು ಬೇಡ, ಇವತ್ತು ಒಳ್ಳೆಯ ಕಾರಣಕ್ಕೆ ಹಾಕಿದ ಮೇಲ್ಪಂಕ್ತಿ ನಾಳೆ ಕೆಟ್ಟವರ ಕೈಗೆ ಸಿಗುತ್ತದೆ ಎಂದು ವಾದಿಸಿದ. ಸೆನೆಟರ್ ಕೇಟೊ ಕೊಲ್ಲಲೇಬೇಕೆಂದ, ಅವನ ಮಾತು ಗೆದ್ದಿತು. ಗಣರಾಜ್ಯವನ್ನು ಮನಸಾರೆ ಪ್ರೀತಿಸಿದ ಇಬ್ಬರು, ಸಿಸೆರೊ ಮತ್ತು ಕೇಟೊ, ಗೈಯಸ್ ಗ್ರಾಕಸನ ಕಾನೂನನ್ನು ತುಳಿದರು. ಐದು ವರ್ಷ ಕಳೆದ ಮೇಲೆ ಟ್ರಿಬ್ಯೂನ್ ಕ್ಲೋಡಿಯಸ್ ಅದೇ ತಪ್ಪನ್ನು ಹಿಡಿದು ಸಿಸೆರೊನನ್ನು ಗಡೀಪಾರು ಮಾಡಿಸಿ ಅವನ ಮನೆ ಕೆಡವಿಸಿದ.

ಭಾಷಣದ ಕಟ್ಟೆ

ಫೋರಂಗೂ ಕೊಲೋಸಿಯಂಗೂ ಪ್ಯಾಲಟೈನ್ ಗುಡ್ಡಕ್ಕೂ ಸೇರಿ ಒಂದೇ ಟಿಕೆಟ್. ರಸ್ತೆಯಿಂದ ಇಳಿಜಾರಿನಲ್ಲಿ ಒಳಗಿಳಿದು ಬಲಕ್ಕೆ ನಡೆದರೆ ಕೊನೆಯಲ್ಲಿ ಉದ್ದನೆಯ ಕಲ್ಲಿನ ಕಟ್ಟೆ ಅಡ್ಡವಾಗಿ ನಿಂತಿದೆ. ಇದೇ ರೋಸ್ಟ್ರಾ, ನಾಯಕರು ಜನರನ್ನುದ್ದೇಶಿಸಿ ಮಾತಾಡುತ್ತಿದ್ದ ವೇದಿಕೆ. 338ರಲ್ಲಿ ಗೆದ್ದ ಶತ್ರು ಹಡಗುಗಳ ಕಂಚಿನ ಮೂತಿಗಳನ್ನು ಅಲಂಕಾರಕ್ಕೆ ಜಡಿದಿದ್ದರು. ಹಳೆಯ ಕಟ್ಟೆ ಸೆನೆಟ್ ಭವನದ ಎದುರಿಗಿತ್ತು. ಈ ಜಾಗಕ್ಕೆ ತಂದವನು ಸೀಸರ್.

88ರಲ್ಲಿ ಈ ಬಯಲಿಗೆ ಮೊದಲ ಬಾರಿಗೆ ರೋಮಿನದೇ ಸೈನ್ಯ ನುಗ್ಗಿತು. ಅದಕ್ಕೆ ಎರಡು ದಶಕದ ಹಿಂದೆ ಸೇನಾನಿ ಮಾರಿಯಸ್ ಭೂಮಿಯಿಲ್ಲದ ಬಡವರನ್ನೂ ಸೈನ್ಯಕ್ಕೆ ಸೇರಿಸಿಕೊಂಡಿದ್ದ. ನಿವೃತ್ತಿಯ ನಂತರ ಆ ಸೈನಿಕನಿಗೆ ತುಂಡು ಭೂಮಿ ಕೊಡಿಸುವ ಹೊಣೆಯನ್ನು ಗಣರಾಜ್ಯ ಹೊತ್ತುಕೊಳ್ಳಲಿಲ್ಲ, ಸೇನಾನಿ ಹೊತ್ತ. ನಿಷ್ಠೆಯೂ ಅವನ ಪಾಲಾಯಿತು. ಪೂರ್ವದ ಯುದ್ಧದ ನಾಯಕತ್ವವನ್ನು ಕಾನ್ಸುಲ್ ಸುಲ್ಲಾನಿಂದ ಕಿತ್ತು ಮಾರಿಯಸನಿಗೆ ಕೊಡಲು ಟ್ರಿಬ್ಯೂನ್ ಸುಲ್ಪೀಸಿಯಸ್ ಕಾನೂನು ಮಾಡಿಸಿದಾಗ, ಸುಲ್ಲಾ ತನ್ನ ದಂಡನ್ನು ರಾಜಧಾನಿಯ ಕಡೆಗೇ ತಿರುಗಿಸಿದ. ಅವನ ಕೈಕೆಳಗಿನ ಸೇನಾಧಿಕಾರಿಗಳಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ದಂಡು ತೊರೆದು ಹೋದರು. ಸಾಮಾನ್ಯ ಸೈನಿಕರು ಹಿಂಬಾಲಿಸಿದರು.

ಸುಲ್ಪೀಸಿಯಸನ ತಲೆ ರೋಸ್ಟ್ರಾ ಮೇಲೆ ಬಂತು. ಮರುವರ್ಷ ಮಾರಿಯಸನ ಕಡೆಯವರು ಊರು ಹಿಡಿದರು. ಆಗ ಹೆಸರಾಂತ ವಾಗ್ಮಿ ಮಾರ್ಕಸ್ ಆಂಟೋನಿಯಸನ ತಲೆ. 82ರಲ್ಲಿ ಸುಲ್ಲಾ ಮತ್ತೆ ಗೆದ್ದು, ಅವಧಿಯೇ ಇಲ್ಲದ ಡಿಕ್ಟೇಟರ್ ಆಗಿ, ಕೊಲ್ಲಬಹುದಾದವರ ಹೆಸರುಗಳನ್ನು ಪಟ್ಟಿ ಮಾಡಿ ಫೋರಂನಲ್ಲಿ ನಿಲ್ಲಿಸಿದ. ಮೊದಲ ಪಟ್ಟಿಯಲ್ಲಿ 80 ಹೆಸರು, ಆಮೇಲೆ ನೂರುಗಟ್ಟಲೆ. ಕೊಂದವನಿಗೆ ಎರಡು ಟ್ಯಾಲೆಂಟ್ ಬಹುಮಾನ, ಸತ್ತವನ ಆಸ್ತಿ ಹರಾಜು. ಚೆಂದದ ಮನೆ, ತೋಟ ಇದ್ದುದಕ್ಕೇ ಜೀವ ಕಳೆದುಕೊಂಡವರಿದ್ದರು.

ದಶಕಗಳ ಮೇಲೆ ಸಿಸೆರೊ ತನ್ನ ಪುಸ್ತಕವೊಂದರಲ್ಲಿ ಆಂಟೋನಿಯಸನ ಸಾವಿಗೆ ಮರುಗಿದ್ದಾನೆ: ಯಾವ ಕಟ್ಟೆಯ ಮೇಲೆ ನಿಂತು ಅವನು ಗಣರಾಜ್ಯದ ಪರ ವಾದಿಸಿದ್ದನೋ ಅಲ್ಲೇ ಅವನ ತಲೆ ಇಟ್ಟರಲ್ಲ ಎಂದು. 43ರ ಡಿಸೆಂಬರಿನಲ್ಲಿ ಸಿಸೆರೊನ ಸ್ವಂತ ತಲೆ ಮತ್ತು ಕೈ ರೋಸ್ಟ್ರಾ ಮೇಲೆ ಬಂದವು. ಇಡಿಸಿದವನು ಮಾರ್ಕ್ ಆಂಟನಿ, ಆ ವಾಗ್ಮಿ ಆಂಟೋನಿಯಸನ ಮೊಮ್ಮಗ. ಕಟ್ಟೆಯ ಕಲ್ಲಿನ ಮೈಯಲ್ಲಿ ಹಡಗಿನ ಮೂತಿ ಜಡಿದಿದ್ದ ತೂತುಗಳು ಇವತ್ತಿಗೂ ಕಾಣುತ್ತವೆ. ನಾನು ಅವುಗಳ ಎದುರು ಹೆಚ್ಚು ಹೊತ್ತು ನಿಂತೆ.

ಮೂರು ಕಂಬಗಳು

ಫೋರಂನ ಇನ್ನೊಂದು ಬದಿಗೆ ಕ್ಯಾಸ್ಟರ್ ಗುಡಿಯ ಮೂರು ಬಿಳಿ ಕಂಬಗಳಿವೆ. ಕಂಬಗಳು ಮುಂದಿನ ಕಾಲದವು. ಗುಡಿಯ ಎತ್ತರದ ಜಗಲಿ ಗಣರಾಜ್ಯದ ದಿನಗಳಲ್ಲಿ ಜನಸಭೆಯ ವೇದಿಕೆಯಾಗಿತ್ತು.

59ರಲ್ಲಿ ಕಾನ್ಸುಲ್ ಆಗಿದ್ದ ಸೀಸರ್ ಸೇನಾನಿ ಪಾಂಪೆಯ ನಿವೃತ್ತ ಸೈನಿಕರಿಗೂ ಬಡವರಿಗೂ ಭೂಮಿ ಕೊಡುವ ಮಸೂದೆ ತಂದ. ಮಸೂದೆಯಲ್ಲಿ ಬೆರಳಿಟ್ಟು ತೋರಿಸುವಂಥ ದೋಷವಿರಲಿಲ್ಲ. ಆದರೂ ಅದನ್ನು ತಂದವನು ಸೀಸರ್ ಎಂಬ ಒಂದೇ ಕಾರಣಕ್ಕೆ ಕೇಟೊನ ಬಳಗ ತಡೆಯೊಡ್ಡಿತು. ಸಹ ಕಾನ್ಸುಲ್ ಬಿಬ್ಯುಲಸ್ ವಿರೋಧಿಸಲು ಇಲ್ಲಿಗೆ ಬಂದಾಗ ಅವನ ತಲೆಯ ಮೇಲೆ ಒಂದು ಬುಟ್ಟಿ ಸಗಣಿ ಸುರಿದರು, ಅಧಿಕಾರದ ಗುರುತಾದ ಕೋಲಿನ ಕಟ್ಟುಗಳನ್ನು ಮುರಿದರು, ಟ್ರಿಬ್ಯೂನರಿಗೆ ಗಾಯವಾಯಿತು. ಬಿಬ್ಯುಲಸ್ ವರ್ಷದ ಉಳಿದ ದಿನಗಳನ್ನು ಮನೆಯಲ್ಲೇ ಕಳೆದ. ಅಲ್ಲಿಂದಲೇ ಶಕುನ ಚೆನ್ನಾಗಿಲ್ಲ, ಸಭೆ ನಡೆಸುವಂತಿಲ್ಲ ಎಂದು ದಿನವೂ ಸಾರಿಸಿದ. ತಡೆಯುವ ಅಧಿಕಾರವನ್ನು ಒಂದು ಪಕ್ಷ ಎಲ್ಲಕ್ಕೂ ಬಳಸಿ ಬೆಲೆಗೆಡಿಸಿತು. ಇನ್ನೊಂದು ಪಕ್ಷ ಅದನ್ನು ಬಲದಿಂದ ತುಳಿಯಿತು. ಅಂಕುಶವೆಂದು ಇಟ್ಟಿದ್ದ ವೀಟೊ ಎರಡು ಕಡೆಯಿಂದಲೂ ಸವೆದುಹೋಯಿತು.

ಇದರ ಜೊತೆಗೆ ಹಣ. 54ರ ಚುನಾವಣೆಗೆ ಅಭ್ಯರ್ಥಿಗಳು ಲಂಚಕ್ಕೆಂದು ಎತ್ತಿದ ಸಾಲ ಎಷ್ಟಿತ್ತೆಂದರೆ ರೋಮಿನಲ್ಲಿ ಬಡ್ಡಿ ದರ ವರ್ಷಕ್ಕೆ ಶೇ. 4ರಿಂದ ಶೇ. 8ಕ್ಕೆ ಜಿಗಿಯಿತು. ಸಿಸೆರೊ ಇದನ್ನು ಗೆಳೆಯನಿಗೆ ಬರೆದ ಪತ್ರದಲ್ಲಿ ದಾಖಲಿಸಿದ್ದಾನೆ. ಹೀಗೆ ಸಾಲ ಮಾಡಿ ಗೆದ್ದವನು ಪ್ರಾಂತ್ಯವೊಂದರ ಆಡಳಿತಗಾರನಾಗಿ ಹೋಗಿ ಅಲ್ಲಿನ ಜನರಿಂದ ಹಿಂಡಿ ತೀರಿಸಬೇಕಿತ್ತು.

ಇಟ್ಟಿಗೆಯ ಸೆನೆಟ್ ಭವನ

ಗುಡ್ಡದ ಮೇಲಿಂದ ಕಂಡ ಬೋಳು ಇಟ್ಟಿಗೆ ಕಟ್ಟಡವೇ ಕ್ಯೂರಿಯಾ, ಸೆನೆಟಿನ ಸಭಾಂಗಣ. ಸೀಸರ್ ಶುರು ಮಾಡಿದ್ದನ್ನು ಅವನ ಉತ್ತರಾಧಿಕಾರಿ ಆಗಸ್ಟಸ್ ಕ್ರಿ.ಪೂ. 29ರಲ್ಲಿ ಮುಗಿಸಿದ; ಈಗ ನಿಂತಿರುವುದು ಕ್ರಿ.ಶ. 283ರ ಬೆಂಕಿಯ ನಂತರ ಡಯೊಕ್ಲೀಷಿಯನ್ ಮತ್ತೆ ಕಟ್ಟಿಸಿದ್ದು. ಏಳನೇ ಶತಮಾನದಲ್ಲಿ ಚರ್ಚಾಗಿ ಮಾರ್ಪಟ್ಟದ್ದರಿಂದ ಉಳಿದುಕೊಂಡಿತು. ಬಾಗಿಲು ತೆರೆದಿರುವ ದಿನ ಸಿಕ್ಕರೆ ತಪ್ಪಿಸಿಕೊಳ್ಳಬಾರದು. ಒಳಗೆ ಕಾಲಿಟ್ಟೊಡನೆ ಎತ್ತರ ದಂಗುಬಡಿಸುತ್ತದೆ, ಸುಮಾರು 21 ಮೀಟರ್. ನೆಲದಲ್ಲಿ ಕೆಂಪು, ಹಸಿರು, ಹಳದಿ ಕಲ್ಲಿನ ಚಿತ್ತಾರ. ಎರಡು ಬದಿಗೂ ಮೂರು ಮೂರು ಅಗಲ ಮೆಟ್ಟಿಲು. ಅವುಗಳ ಮೇಲೆ ಆಸನ ಹಾಕಿಕೊಂಡು ಸೆನೆಟರು ಎದುರುಬದುರು ಕೂರುತ್ತಿದ್ದರು. ಮತ ಹಾಕುವ ರೀತಿ ಸರಳ: ಎದ್ದು ನಡೆದು, ಒಪ್ಪಿದವರ ಬದಿಗೆ ಸೇರಿಕೊಳ್ಳುವುದು.

ಇದಕ್ಕೂ ಹಿಂದಿನ ಸೆನೆಟ್ ಭವನವನ್ನು 52ರಲ್ಲಿ ಜನರೇ ಸುಟ್ಟರು. ಕ್ಲೋಡಿಯಸ್ ಮತ್ತು ಮೈಲೊ ಇಬ್ಬರೂ ಬಾಡಿಗೆ ಪಡೆ ಕಟ್ಟಿಕೊಂಡು ಬೀದಿಯಲ್ಲಿ ಬಡಿದಾಡುತ್ತಿದ್ದ ರಾಜಕಾರಣಿಗಳು. ಆಪಿಯನ್ ಹೆದ್ದಾರಿಯಲ್ಲಿ ಮೈಲೊನ ಕಡೆಯವರು ಕ್ಲೋಡಿಯಸನನ್ನು ಕೊಂದರು. ಬೆಂಬಲಿಗರು ಹೆಣವನ್ನು ಸೆನೆಟ್ ಭವನಕ್ಕೇ ತಂದು, ಅಲ್ಲಿನ ಪೀಠೋಪಕರಣಗಳನ್ನೇ ಸೌದೆ ಮಾಡಿ ಸುಟ್ಟರು, ಭವನವೂ ಉರಿದುಹೋಯಿತು. ಊರು ಹತೋಟಿಗೆ ಬರಲೆಂದು ಸೆನೆಟ್ ಪಾಂಪೆಯನ್ನು ಏಕೈಕ ಕಾನ್ಸುಲ್ ಮಾಡಿತು. ಇಬ್ಬರಿರಬೇಕೆಂಬ ಮೂಲ ಕಟ್ಟಳೆಯೇ ಹೋಯಿತು, ಕೇಟೊನೂ ಒಪ್ಪಿಗೆ ಕೊಟ್ಟ.

ಇಲ್ಲಿ ನಿಂತು ನೆನೆಯಬೇಕಾದ ಲೆಕ್ಕವೊಂದಿದೆ: 370 ಮತ್ತು 22. ಕ್ರಿ.ಪೂ. 50ರ ಕೊನೆಯಲ್ಲಿ, ಅಷ್ಟರಲ್ಲಿ ಎದುರಾಳಿಗಳಾಗಿದ್ದ ಸೀಸರ್ ಮತ್ತು ಪಾಂಪೆ ಇಬ್ಬರೂ ಸೈನ್ಯ ಬಿಟ್ಟುಕೊಡಲಿ ಎಂದು ಟ್ರಿಬ್ಯೂನ್ ಕ್ಯೂರಿಯೊ ಮಂಡಿಸಿದ ಸೂಚನೆಗೆ ಸೆನೆಟಿನಲ್ಲಿ 370 ಜನ ಪರ, 22 ಜನ ಮಾತ್ರ ವಿರುದ್ಧ. ಹಾಗೆಂದು ಇತಿಹಾಸಕಾರ ಅಪ್ಪಿಯನ್ ದಾಖಲಿಸಿದ್ದಾನೆ. ಯುದ್ಧ ಬೇಡವಾದವರು ಅಷ್ಟು ಜನರಿದ್ದರು. ಕಾನ್ಸುಲ್ ಮಾರ್ಸೆಲಸ್ ಸಿಟ್ಟಿನಿಂದ ಸಭೆ ಮುಗಿಸಿ, ಮುಂದೆ ಸೀಸರ್ ದಂಡೆತ್ತಿ ಬರುತ್ತಿದ್ದಾನೆಂಬ ಗಾಳಿಮಾತನ್ನೇ ನೆಪಮಾಡಿಕೊಂಡು ತಾನಾಗಿ ಪಾಂಪೆಯ ಬಳಿಗೆ ಹೋಗಿ ಕತ್ತಿ ಕೊಟ್ಟು ನಾಡನ್ನು ಕಾಯೆಂದ. ಬಹುಮತ ಮನೆಗೆ ಹೋಯಿತು. 49ರ ಜನವರಿಯಲ್ಲಿ ಸೀಸರ್ ಸೈನ್ಯದೊಡನೆ ಇಟಲಿಯ ಗಡಿಯಾಗಿದ್ದ ರೂಬಿಕಾನ್ ಹೊಳೆ ದಾಟಿದ. ಗಟ್ಟಿಯಾಗಿ ಕೂಗುವ ಕೆಲವರೆದುರು ಸಂಭಾವಿತ ಬಹುಮತ ಸುಮ್ಮನಾದರೆ ಅದರ ಸಂಖ್ಯೆಗೆ ಬೆಲೆಯಿಲ್ಲ. ಇಡೀ ನಡಿಗೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ 370 ಜನ.

ಎಂಟು ಕಂಬಗಳ ಖಜಾನೆ

ರೋಸ್ಟ್ರಾ ಹಿಂದಿನ ಎಂಟು ಕಂಬಗಳು ಸ್ಯಾಟರ್ನ್ ಗುಡಿಯವು. ರೋಮಿನ ಸರ್ಕಾರಿ ಖಜಾನೆ ಇದ್ದದ್ದು ಇಲ್ಲೇ. ಟ್ರಿಬ್ಯೂನರ ಹಕ್ಕಿಗೆ ಚ್ಯುತಿ ಬಂದಿದೆ, ಅದನ್ನು ಕಾಪಾಡಲು ಬಂದಿದ್ದೇನೆ ಎಂಬುದು ಸೀಸರ್ ರೂಬಿಕಾನ್ ದಾಟಿದ್ದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಹೊಳೆ ದಾಟಿದ ಕೆಲವೇ ತಿಂಗಳಲ್ಲಿ ಅವನು ಹಣಕ್ಕಾಗಿ ಈ ಖಜಾನೆಗೆ ಬಂದಾಗ ಬಾಗಿಲಿಗೆ ಅಡ್ಡ ನಿಂತವನು ಮೆಟೆಲಸ್ ಎಂಬ ಟ್ರಿಬ್ಯೂನ್. ಸೀಸರ್ ಕೊಲ್ಲುವ ಬೆದರಿಕೆ ಹಾಕಿದ. ಬೀಗ ಒಡೆಯಿತು.

ಕಂಬಗಳ ಮೇಲಿನ ತೊಲೆಯಲ್ಲಿ ದೊಡ್ಡ ಲ್ಯಾಟಿನ್ ಅಕ್ಷರಗಳಿವೆ, ಕೆಳಗಿನಿಂದಲೇ ಓದಬಹುದು. ಬೆಂಕಿಗೆ ಆಹುತಿಯಾದ ಈ ಗುಡಿಯನ್ನು ಸೆನೆಟ್ ಮತ್ತು ರೋಮಿನ ಜನತೆ ಮತ್ತೆ ನಿಲ್ಲಿಸಿದರು ಎಂಬುದು ಅದರ ಸಾರ. ಈ ಕಂಬಗಳನ್ನು ನಿಲ್ಲಿಸಿದ್ದು ಕ್ರಿ.ಶ. ನಾಲ್ಕನೇ ಶತಮಾನದಲ್ಲಿ. ಆ ಹೊತ್ತಿಗೆ ಸೆನೆಟಿಗೂ ಜನತೆಗೂ ನಿಜವಾದ ಅಧಿಕಾರ ತಪ್ಪಿ ಸುಮಾರು ನಾನೂರು ವರ್ಷವಾಗಿತ್ತು. ಹೆಸರು ಮಾತ್ರ ಅಳಿಯಲಿಲ್ಲ. ಯಾವ ಚಕ್ರವರ್ತಿಗೂ ಅದನ್ನು ಅಳಿಸುವ ಅಗತ್ಯ ಬೀಳಲಿಲ್ಲ.

ಬೆಕ್ಕುಗಳ ಚೌಕದಲ್ಲಿ

ಫೋರಂನಿಂದ ಹೊರಬಂದು ಕ್ಯಾಪಿಟೊಲಿನ್ ಸುತ್ತಿ ಪಶ್ಚಿಮಕ್ಕೆ ನಡೆದರೆ ಲಾರ್ಗೊ ಅರ್ಜೆಂಟಿನಾ. ಟ್ರಾಮು, ಬಸ್ಸುಗಳ ಗದ್ದಲದ ನಡುವೆ, ರಸ್ತೆ ಮಟ್ಟಕ್ಕಿಂತ ಕೆಳಗೆ, ಗಣರಾಜ್ಯ ಕಾಲದ ನಾಲ್ಕು ಗುಡಿಗಳು. ಬೀದಿ ಬೆಕ್ಕುಗಳ ಆಶ್ರಯಧಾಮವೊಂದು ಇಲ್ಲಿರುವುದರಿಂದ ಮುರಿದ ಕಂಬಗಳ ಮೇಲೆಲ್ಲ ಬೆಕ್ಕುಗಳು. 2023ರಿಂದ ಕೆಳಗಿಳಿದು ನಡೆದಾಡಲು ದಾರಿ ಮಾಡಿದ್ದಾರೆ. ದುಂಡು ಗುಡಿಯ ಹಿಂದಿನ ದೊಡ್ಡ ಕಲ್ಲಿನ ಪಾಯ ಪಾಂಪೆ ಕಟ್ಟಿಸಿದ ಸಭಾಂಗಣದ್ದು. 44ರ ಮಾರ್ಚ್ 15ರಂದು ಸೆನೆಟ್ ಅಲ್ಲಿ ಸೇರಿತ್ತು.

ಸೀಸರ್ ಆಗಷ್ಟೇ ಜೀವಮಾನದ ಡಿಕ್ಟೇಟರ್ ಆಗಿದ್ದ. ಬದುಕಿರುವಾಗಲೇ ತನ್ನ ಮುಖವನ್ನು ರೋಮಿನ ನಾಣ್ಯದ ಮೇಲೆ ಹಾಕಿಸಿಕೊಂಡ ಮೊದಲ ರೋಮನ್ನನೂ ಅವನೇ. ಪಿತೂರಿಯಲ್ಲಿ ಅರವತ್ತಕ್ಕೂ ಹೆಚ್ಚು ಜನರಿದ್ದರು. ಸೀಸರನ ಮೈಮೇಲೆ 23 ಇರಿತ. ಒಬ್ಬನನ್ನು ತೆಗೆದರೆ ಗಣರಾಜ್ಯ ತಾನಾಗಿ ಮರಳುತ್ತದೆಂದು ಪಿತೂರಿಯ ಮುಂದಾಳು ಬ್ರೂಟಸ್ ನಂಬಿದ್ದ. ಒಂದೆರಡು ವರ್ಷದಲ್ಲಿ, ಸೈನ್ಯಕ್ಕೆ ಸಂಬಳ ಕೊಡಲು ಬ್ರೂಟಸ್ ಹೊರಡಿಸಿದ ನಾಣ್ಯವನ್ನು ಇವತ್ತಿಗೂ ನೋಡಬಹುದು: ಒಂದು ಬದಿಗೆ ಎರಡು ಬಾಕು, ನಡುವೆ ಬಿಡುಗಡೆಯ ಟೊಪ್ಪಿಗೆ. ಇನ್ನೊಂದು ಬದಿಗೆ ಬ್ರೂಟಸನದೇ ಮುಖ. ಮನುಷ್ಯನೊಬ್ಬ ಸತ್ತಿದ್ದ, ರೂಢಿ ಬದುಕಿತ್ತು. ಕೊಂದವರಿಗೂ ಅದು ಹತ್ತಿಕೊಂಡಿತ್ತು.

ಶಾಂತಿವೇದಿಕೆ ಮತ್ತು ನದಿ ದಂಡೆ

ಅಲ್ಲಿಂದ ಉತ್ತರಕ್ಕೆ ನಡೆದರೆ ಮೊಂಟೆಚಿಟೋರಿಯೊ ಅರಮನೆ, ಇಟಲಿ ಸಂಸತ್ತಿನ ಕೆಳಮನೆ. ಎದುರಿಗೆ, ಸೀಸರನ ನಂತರದ ಆಂತರಿಕ ಯುದ್ಧಗಳನ್ನು ಗೆದ್ದು ಮೊದಲ ಚಕ್ರವರ್ತಿಯಾದ ಆಗಸ್ಟಸ್ ಈಜಿಪ್ಟಿನಿಂದ ತರಿಸಿದ ಕಲ್ಲುಕಂಬ ನಿಂತಿದೆ. ಇನ್ನೂ ಮುಂದೆ ನದಿಯ ಬಳಿ ಗಾಜಿನ ಕಟ್ಟಡದೊಳಗೆ ಆರಾ ಪಾಚಿಸ್, ಆಗಸ್ಟಸನ ಶಾಂತಿಯ ಬಲಿಪೀಠ. ಕಟ್ಟಡದ ಹೊರಗೋಡೆಯ ಮೇಲೆ ಬೀದಿಯಿಂದಲೇ ಓದಬಹುದಾದಂತೆ ಅವನ ಆತ್ಮನಿವೇದನೆಯ ಲ್ಯಾಟಿನ್ ಪಾಠವಿದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸ್ವಂತ ಖರ್ಚಿನಲ್ಲಿ ಸೈನ್ಯ ಕಟ್ಟಿ ಗಣರಾಜ್ಯವನ್ನು ಬಿಡುಗಡೆ ಮಾಡಿದೆ ಎಂಬಲ್ಲಿ ಅದು ಶುರುವಾಗುತ್ತದೆ. ಕೊನೆಯ ಹತ್ತಿರ, ಎಲ್ಲ ಅಧಿಕಾರವನ್ನೂ ಸೆನೆಟಿಗೆ, ಜನತೆಗೆ ಒಪ್ಪಿಸಿದೆ, ಹುದ್ದೆಯಲ್ಲಿ ನಾನು ಸಹೋದ್ಯೋಗಿಗಳಿಗಿಂತ ಮೇಲಲ್ಲ ಎನ್ನುತ್ತಾನೆ. ಚುನಾವಣೆ ಇತ್ತು, ಕಾನ್ಸುಲ್‌ಗಳಿದ್ದರು, ಸೆನೆಟ್ ಸೇರುತ್ತಿತ್ತು. ಸೈನ್ಯವೂ ವೀಟೊವೂ ಒಬ್ಬನ ಕೈಯಲ್ಲಿದ್ದವು. ಆಂತರಿಕ ಯುದ್ಧಗಳಿಂದ ಬಳಲಿದ್ದ ಜನ ಶಾಂತಿಗೆ ಸ್ವಾತಂತ್ರ್ಯ ತೆತ್ತರು.

ಈ ಬಲಿಪೀಠವನ್ನು ಚೂರುಗಳಿಂದ ಜೋಡಿಸಿ 1938ರಲ್ಲಿ ಇಲ್ಲಿ ನಿಲ್ಲಿಸಿದವನು ಮುಸೊಲಿನಿ. ಬಿಬ್ಯುಲಸನ ಎದುರು ಮುರಿದುಬಿದ್ದ ಕೋಲಿನ ಕಟ್ಟು ಅವನ ಪಕ್ಷದ ಲಾಂಛನ. ಅವನೂ ಸಂಸತ್ತನ್ನು ಮೊದಲ ದಿನವೇ ಮುಚ್ಚಲಿಲ್ಲ. 1922ರಲ್ಲಿ ದೊರೆಯೇ ಕರೆದು ಪ್ರಧಾನಿ ಮಾಡಿದ. ಮರುವರ್ಷ, ಹೆಚ್ಚು ಮತ ಪಡೆದ ಪಕ್ಷಕ್ಕೆ ಶೇ. 25 ಮತ ಬಂದರೂ ಮೂರನೇ ಎರಡು ಸ್ಥಾನ ಸಿಗುವ ಕಾನೂನು ಸಂಸತ್ತಿನಲ್ಲೇ ಪಾಸಾಯಿತು. 1924ರ ಮೇ 30ರಂದು ಸಮಾಜವಾದಿ ಸದಸ್ಯ ಜಾಕೊಮೊ ಮಾತ್ತೆಯೊತ್ತಿ ಮೊಂಟೆಚಿಟೋರಿಯೊದಲ್ಲಿ ಎದ್ದು ನಿಂತು ಚುನಾವಣೆಯ ಅಕ್ರಮಗಳನ್ನು ಬಿಚ್ಚಿಟ್ಟ. ಜೂನ್ 10ರಂದು ಟೈಬರ್ ದಂಡೆಯ ರಸ್ತೆಯಿಂದ ಅವನನ್ನು ಎಳೆದೊಯ್ದು ಕೊಂದರು. ಆರಾ ಪಾಚಿಸ್‌ನಿಂದ ನದಿಗುಂಟ ಉತ್ತರಕ್ಕೆ ಹೋದರೆ ಆ ಜಾಗದಲ್ಲಿ 1974ರಲ್ಲಿ ನಿಲ್ಲಿಸಿದ ಸ್ಮಾರಕವಿದೆ. ಟೈಬೀರಿಯಸ್ ಗ್ರಾಕಸನ ಹೆಣ ಎಸೆದದ್ದೂ ಇದೇ ನದಿಗೆ.

ನಮಗೆ ಉಳಿಯುವ ಪಾಠ

1949ರ ನವೆಂಬರ್ 25ರಂದು ಡಾ. ಬಿ.ಆರ್. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣವನ್ನು ಈ ನಡಿಗೆಯ ನಂತರ ಮತ್ತೆ ಓದಬೇಕು. ಅವರು ಮೂರು ಎಚ್ಚರಿಕೆ ಕೊಟ್ಟರು. ಸಂವಿಧಾನದ ದಾರಿ ತೆರೆದಿರುವಾಗ ಅದರ ಹೊರಗಿನ ದಾರಿ ಹಿಡಿಯಬೇಡಿ. ಎಷ್ಟೇ ದೊಡ್ಡವನಾದರೂ ಒಬ್ಬನ ಪಾದಕ್ಕೆ ನಿಮ್ಮ ಸ್ವಾತಂತ್ರ್ಯ ಒಪ್ಪಿಸಬೇಡಿ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ. ಸಾಮಾಜಿಕ, ಆರ್ಥಿಕ ಅಸಮಾನತೆಯನ್ನು ಹಾಗೇ ಬಿಟ್ಟರೆ ಅದಕ್ಕೆ ಗುರಿಯಾದವರೇ ಈ ಕಟ್ಟಡವನ್ನು ಉರುಳಿಸಿಯಾರು. ಅವರು ಮಾತಾಡಿದ್ದು ಭಾರತದ ಬಗ್ಗೆ. ಆದರೆ ಮೊದಲನೆಯದು ಜೂಪಿಟರ್ ಗುಡಿಯೆದುರು, ಎರಡನೆಯದು ರೋಸ್ಟ್ರಾ ಬಳಿ, ಮೂರನೆಯದು ಗ್ರಾಕಸನ ಭೂಮಿ ಮಸೂದೆಯಲ್ಲಿ ನಡೆದುಹೋಗಿತ್ತು.

1975ರ ಜೂನ್ 25ರಂದು ನಮ್ಮಲ್ಲಿ ತುರ್ತುಪರಿಸ್ಥಿತಿ ಬಂದದ್ದೂ ಸಂವಿಧಾನದ ವಿಧಿಯ ಹೆಸರಿನಲ್ಲೇ. ಸಂಸತ್ತು ಇತ್ತು, ನ್ಯಾಯಾಲಯ ಇತ್ತು. ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು. ರೋಮನ್ನರಿಗೆ ಸಿಗದ ಅವಕಾಶ ನಮಗೆ 1977ರ ಚುನಾವಣೆಯಲ್ಲಿ ಸಿಕ್ಕಿತು, ಮತದಾರರು ಅದನ್ನು ಬಳಸಿಕೊಂಡರು.

ಎದುರಾಳಿ ಕಟ್ಟಳೆ ಮುರಿದಾಗ ಕೂಗುವುದು ಸುಲಭ. ಕೇಟೊ, ಸೀಸರ್, ಬ್ರೂಟಸ್ ಎಲ್ಲರೂ ಅದನ್ನು ಮಾಡಿದರು. ನಮ್ಮವನು, ನಾವು ಮೆಚ್ಚಿದ ಕೆಲಸಕ್ಕಾಗಿ, ನಮಗೆ ಲಾಭವಾಗುವ ಹಾಗೆ ಕಟ್ಟಳೆ ಮುರಿದಾಗ ಬೇಡವೆನ್ನುವವರು ಬೇಕು. ರೋಮಿನ ಕೊನೆಯ ನೂರು ವರ್ಷಗಳಲ್ಲಿ ಅಂಥವರು ಕಡಿಮೆಯಾದರು. ಇದ್ದವರು ಮತ ಹಾಕಿ ಮನೆಗೆ ಹೋದರು. ಗಣರಾಜ್ಯದ ಆಯುಸ್ಸು ಅಂಥವರ ಸಂಖ್ಯೆಯ ಮೇಲೆ, ಅವರು ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದರ ಮೇಲೆ ನಿಂತಿದೆ.